ಗಾಜಿನ ಆಚೆ ನಮ್ಮ ಕೂಸು: ಎನ್‌ಐಸಿಯುನಲ್ಲಿ ಊರು, ಜಾತಿ, ಬಣ್ಣ ನೋಡಿ ನಡೆಸಿಕೊಂಡದ್ದು ನಿಮಗೂ ಆಗಿದೆಯಾ?

ಕುಷ್ಟಗಿ ಮಗಳು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲು ನನಗೆ ಐದು ತಿಂಗಳು ಬೇಕಾಯಿತು.

ನಮ್ಮದು ಕೊಪ್ಪಳ ಜಿಲ್ಲೆ, ಕುಷ್ಟಗಿ ಕಡೆ ಹಳ್ಳಿ. ನಮ್ಮ ಮನೆಯವರು ಸೆಂಟ್ರಿಂಗ್ ಕೆಲಸಕ್ಕೆ ಮಂಗಳೂರಿಗೆ ಬಂದು ಆರು ವರ್ಷ ಆಯಿತು. ನಾನು ಬಂದು ಮೂರು ವರ್ಷ. ಸುರತ್ಕಲ್ ಹತ್ತಿರ ಲೈನ್ ಮನೆಯಲ್ಲಿ ಇದ್ದೇವೆ. ನನ್ನ ಮಗ 30ನೇ ವಾರಕ್ಕೇ ಹುಟ್ಟಿದ. ತೂಕ 1,240 ಗ್ರಾಂ. 38 ದಿನ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇದ್ದ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ದಯವಿಟ್ಟು ಯಾರೂ ಕೇಳಬೇಡಿ. ಮಗ ಉಳಿದಿದ್ದಾನೆ. ಉಳಿಸಿದವರು ಅಲ್ಲಿಯ ಡಾಕ್ಟರುಗಳು, ಸಿಸ್ಟರುಗಳೇ. ಆ ಋಣ ನನ್ನ ಮೇಲಿದೆ. ಆದರೂ ಈ ಮಾತು ಹೇಳಲೇಬೇಕು ಅನ್ನಿಸಿದೆ.

ಅಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. 'ಬಿಜಾಪುರದವರು' ಅಂತಲೇ ಕರೆದರು. ನಮ್ಮೂರು ಬಿಜಾಪುರ ಅಲ್ಲ. ಇಲ್ಲಿ ಕೆಲಸಕ್ಕೆ ಬಂದ ರಾಯಚೂರಿನವರು, ಬಾಗಲಕೋಟೆಯವರು, ಗದಗದವರು ಎಲ್ಲರೂ ಬಿಜಾಪುರದವರೇ. ಮೊದಲ ದಿನ ನಾನು ಬಾಗಿಲಲ್ಲಿ ನಿಂತು "ಕೂಸು ಹ್ಯಾಂಗದ ರೀ?" ಅಂತ ಕೇಳಿದೆ. ಒಳಗಿದ್ದ ಇಬ್ಬರು ಅದೇ ಮಾತನ್ನು ನನ್ನ ದನಿಯಲ್ಲೇ ಹೇಳಿಕೊಂಡು ನಕ್ಕರು. ಮಗು ಹೇಗಿದೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಪ್ರತಿದಿನ ಹನ್ನೊಂದು ಗಂಟೆಗೆ ಡಾಕ್ಟರ್ ಒಂದೊಂದೇ ಮಗುವಿನ ತಂದೆ ತಾಯಿಯನ್ನು ಕರೆದು ಕೂರಿಸಿ ಮಾತಾಡುತ್ತಿದ್ದರು. ನಮ್ಮ ಸರದಿ ಬಂದಾಗ ನಿಂತಲ್ಲೇ "ಹಾಗೇ ಇದೆ, ದೇವರನ್ನು ಬೇಡಿಕೊಳ್ಳಿ" ಅಂದರೆ ಮುಗಿಯಿತು. ಒಂದು ದಿನ ಪಕ್ಕದಲ್ಲಿದ್ದವರು ಇನ್ನೊಬ್ಬರಿಗೆ ತುಳುವಿನಲ್ಲಿ "ಮೊಕ್ಲೆಗ್ ಪಂಡಲಾ ಗೊತ್ತಾಪುಜಿ" ಅಂದರು. ಇವರಿಗೆ ಹೇಳಿದರೂ ಗೊತ್ತಾಗುವುದಿಲ್ಲ ಅಂತ. ಮೂರು ವರ್ಷದಲ್ಲಿ ನನಗೆ ಅಷ್ಟು ತುಳು ಬಂದಿತ್ತು. ನಾನು ಬಿಎಸ್‌ಸಿ ಓದಿದವಳು ಅಂತ ಅವರಿಗೆ ಗೊತ್ತಿರಲಿಲ್ಲ. ಆದರೆ ಅದಲ್ಲ ಮಾತು. ನನ್ನ ಅವ್ವ ಒಂದಕ್ಷರ ಓದಿಲ್ಲ. ಅವಳಿಗೂ ಮೊಮ್ಮಗನ ಉಸಿರು ಹೇಗೆ ನಡೆಯುತ್ತಿದೆ ಅಂತ ತಿಳಿಯುವುದು ಬೇಡವಾ?

ಎಲ್ಲಕ್ಕಿಂತ ನೋವಾಗಿದ್ದು ಕಾಂಗರೂ ವಿಷಯ. ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ ಬಟ್ಟೆ ಕಟ್ಟಿ ಕೂರಿಸುತ್ತಾರಲ್ಲ, ಅದು. ಪಕ್ಕದ ಮಗುವಿನ ತಾಯಿ ಇಲ್ಲಿಯವರೇ. ಅವರನ್ನು ಆರನೇ ದಿನವೇ ಕರೆದು ಕೂರಿಸಿದ್ದರಂತೆ. ಅವರ ಮಗುವೂ ಹೆಚ್ಚು ಕಡಿಮೆ ನನ್ನ ಮಗುವಿನ ತೂಕದ್ದೇ. ಹಾಗೊಂದು ಇದೆ ಅಂತ ನನಗೆ ಗೊತ್ತಾದದ್ದು ಹದಿನೇಳನೇ ದಿನ, ಹಾಲು ಹಿಂಡುವ ಕೋಣೆಯಲ್ಲಿ ಆ ತಾಯಿಯೇ ಹೇಳಿದಾಗ. ಹೋಗಿ ಕೇಳಿದೆ. ಆಯಾ ನನ್ನನ್ನು ಮೇಲಿಂದ ಕೆಳಗೆ ನೋಡಿ "ಮೊದಲು ಸ್ನಾನ ಮಾಡಿಕೊಂಡು ಬನ್ನಿ" ಅಂದರು. ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಡ್ರಮ್ಮಿನ ತಣ್ಣೀರಲ್ಲಿ ಸ್ನಾನ ಮಾಡಿ, ಹೊಲಿಗೆ ಇನ್ನೂ ಒಣಗದ ಹೊಟ್ಟೆ ಹಿಡಿದುಕೊಂಡು ಮೊದಲ ಬಸ್ಸಿಗೆ ಬಂದವಳು. ಏನೂ ಅನ್ನಲಿಲ್ಲ. ಆಸ್ಪತ್ರೆಯ ಬಾತ್‌ರೂಮಿಗೆ ಹೋಗಿ ಇನ್ನೊಮ್ಮೆ ಸ್ನಾನ ಮಾಡಿ ಬಂದೆ. ಬರುವಷ್ಟರಲ್ಲಿ "ಟೈಮ್ ಆಯಿತು, ನಾಳೆ ನೋಡೋಣ" ಅಂದರು.

ಬೇರೆಯವರಿಗೂ ಹೀಗೆ ಆಗಿದೆಯಾ? ಅಥವಾ ನನಗೊಬ್ಬಳಿಗೇ ಹಾಗೆ ಅನ್ನಿಸಿತಾ? ಸುಮ್ನೆ ಸಮಾಧಾನಕ್ಕೆ ಉತ್ತರ ಬೇಡ. ನಿಜ ಹೇಳಿ.

ಕದ್ರಿ ಕಂಬಳ

ಅಕ್ಕಾ, ಮಗು ಚೆನ್ನಾಗಿದೆ ಅಂತ ಕೇಳಿ ಖುಷಿ ಆಯಿತು. ಆದರೆ ನನ್ನ ಅಭಿಪ್ರಾಯ ಬೇರೆ. ಎನ್‌ಐಸಿಯು ಅಂದರೆ ಸೋಂಕು ತಡೆಯಲು ನೂರು ನಿಯಮ ಇರುತ್ತದೆ. ನನ್ನ ತಂಗಿ ಇಲ್ಲೇ ಹುಟ್ಟಿ ಬೆಳೆದವಳು, ಅವಳಿಗೂ ಬೈದು ಹೊರಗೆ ನಿಲ್ಲಿಸಿದ್ದರು. ಸಿಬ್ಬಂದಿ ಕಡಿಮೆ, ಕೆಲಸ ಜಾಸ್ತಿ. ಎಲ್ಲದಕ್ಕೂ ಊರು, ಜಾತಿ ತರುವುದು ಸರಿಯಲ್ಲ ಅನ್ನಿಸುತ್ತದೆ. ಅದರಲ್ಲೂ ಜನಾಂಗಭೇದ ಅನ್ನುವುದು ದೊಡ್ಡ ಶಬ್ದ. ಅದು ಕರಿಯರು, ಬಿಳಿಯರ ವಿಷಯ ಅಲ್ವಾ?

ಕುಷ್ಟಗಿ ಮಗಳು

ಅಣ್ಣಾ, ನಿಮ್ಮ ತಂಗಿಗೆ ಬೈದದ್ದು ತಪ್ಪೇ. ಆದರೆ "ನಿಮ್ಮ ಕಡೆಯವರು ಸ್ನಾನ ಮಾಡುವುದಿಲ್ಲ" ಅಂತ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ನನಗೆ ಇನ್ನೊಂದು ದಿನ ಅದನ್ನೂ ಹೇಳಿದರು. ನಿಯಮ ಎಲ್ಲರಿಗೂ ಇರಲಿ. ಕೈ ತೊಳೆಯಲು ಹೇಳಿದರೆ ಹತ್ತು ಸಲ ತೊಳೆಯುತ್ತೇನೆ.

ಹಳೇ ವಕೀಲ, ಉಡುಪಿ

ಶಬ್ದದ ವಿಷಯಕ್ಕೆ ಒಂದು ಮಾತು. ಜನಾಂಗಭೇದದ ವಿರುದ್ಧ ವಿಶ್ವಸಂಸ್ಥೆಯ ಒಪ್ಪಂದ 1965ರದ್ದು. ಭಾರತ 1968ರಲ್ಲಿ ಅದನ್ನು ಒಪ್ಪಿಕೊಂಡಿದೆ. ಅದರಲ್ಲಿ ಮೈಬಣ್ಣ ಮಾತ್ರ ಇಲ್ಲ. ಹುಟ್ಟಿದ ಕುಲ, ಮೂಲ ಎಲ್ಲವೂ ಇದೆ. ಜಾತಿಯೂ ಅದರೊಳಗೆ ಬರುತ್ತದೆ ಅಂತ ಆ ಒಪ್ಪಂದದ ಸಮಿತಿ ಹೇಳುತ್ತದೆ, ನಮ್ಮ ಸರ್ಕಾರ ಒಪ್ಪುವುದಿಲ್ಲ. ಆ ವಾದ ಮುಗಿಯುವಂಥದ್ದಲ್ಲ. ಆದರೆ ನಮ್ಮದೇ ಸಂವಿಧಾನದ 15ನೇ ವಿಧಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗದ ಜೊತೆ 'ಹುಟ್ಟಿದ ಸ್ಥಳ' ಅಂತಲೂ ಬರೆದಿದೆ. ಕುಷ್ಟಗಿಯೂ ಒಂದು ಹುಟ್ಟಿದ ಸ್ಥಳವೇ.

ತೊಟ್ಟಿಲು ಸಿಸ್ಟರ್

ಈ ಚರ್ಚೆ ನೋಡಿ ಎರಡು ದಿನ ಸುಮ್ಮನಿದ್ದೆ. ನಾನು ಹದಿನಾಲ್ಕು ವರ್ಷದಿಂದ ಎನ್‌ಐಸಿಯು ನರ್ಸ್. ಮಂಗಳೂರಿನವಳೇ. ಮನೆಯಲ್ಲಿ ಕೊಂಕಣಿ, ಡ್ಯೂಟಿಯಲ್ಲಿ ತುಳು, ಮಲಯಾಳಂ, ಕನ್ನಡ ಎಲ್ಲ ಮಾತಾಡುತ್ತೇನೆ. ಕುಷ್ಟಗಿ ಅಕ್ಕಾ, ನೀವು ಬರೆದದ್ದು ನಿಜ. ನಾನು ಕೆಲಸ ಮಾಡಿದ ಜಾಗಗಳಲ್ಲೂ ಆಗಿದೆ. ನಾನೂ ಮಾಡಿದ್ದೇನೆ.

ಕದ್ರಿ ಅಣ್ಣ ಹೇಳಿದ ಕೆಲಸದ ಹೊರೆ ಕೂಡ ನಿಜ. ನೈಟ್ ಡ್ಯೂಟಿಯಲ್ಲಿ ಒಬ್ಬಳೇ ಐದು ಮಕ್ಕಳನ್ನು ನೋಡಿದ ದಿನಗಳಿವೆ. ಒಂದು ಮಗುವಿಗೆ ಉಸಿರು ನಿಲ್ಲುತ್ತದೆ, ಅಂಗಾಲು ತಟ್ಟಿ ಎಬ್ಬಿಸಬೇಕು. ಇನ್ನೊಂದಕ್ಕೆ ಎರಡು ಗಂಟೆಗೊಮ್ಮೆ ಟ್ಯೂಬಿನಲ್ಲಿ ಹಾಲು. ಅಲಾರಾಂ ಹೊಡೆಯುತ್ತಲೇ ಇರುತ್ತದೆ. ಆದರೆ ಸುಸ್ತಾದಾಗ ನಾವು ಯಾರಿಗೆ ಮಾತು ಕಡಿಮೆ ಮಾಡುತ್ತೇವೆ? ನನಗೆ ಕಾಡುವ ಪ್ರಶ್ನೆ ಅದು. ವಕೀಲರ ಮಗಳಿಗೆ ಕಡಿಮೆ ಮಾಡುವುದಿಲ್ಲ. ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವ ಜಾರ್ಖಂಡಿನವನ ಹೆಂಡತಿಗೆ ಕಡಿಮೆ ಮಾಡುತ್ತೇವೆ.

ಇನ್‌ಚಾರ್ಜ್ ಆದ ಮೇಲೆ ಒಂದು ಕೆಲಸ ಮಾಡಿದೆ. ಪ್ರತಿ ಮಗುವಿನ ಫೈಲಿನ ಹಿಂದೆ ಒಂದು ಹಾಳೆ ಇಟ್ಟು, ಇವತ್ತು ತಾಯಿಯ ಜೊತೆ ಯಾರು ಮಾತಾಡಿದರು, ಏನು ಹೇಳಿದರು, ಮಗುವನ್ನು ಮುಟ್ಟಿಸಿದರಾ ಅಂತ ಬರೆಯಲು ಹೇಳಿದೆ. ವಾರ ಕಳೆದು ನೋಡಿದರೆ ಕೆಲವು ಹಾಳೆ ತುಂಬಿ ಹಿಂದಿನ ಪುಟಕ್ಕೂ ಹೋಗಿತ್ತು. ಮೂರು ಹಾಳೆ ಹೆಚ್ಚು ಕಡಿಮೆ ಖಾಲಿ. ಒಂದು ಬಾಗಲಕೋಟೆಯವರದ್ದು, ಒಂದು ಒಡಿಶಾದವರದ್ದು, ಇನ್ನೊಂದು ಕಾಲೊನಿಯಿಂದ ಬಂದ ಹುಡುಗಿಯದ್ದು. ಯಾರೂ ಬೇಕೆಂದು ಮಾಡಿರಲಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ಇದು ಬರೀ ಮನಸ್ಸಿಗೆ ನೋವಾಗುವ ವಿಷಯ ಅಲ್ಲ. 1 ಕೆಜಿಯಿಂದ 1.8 ಕೆಜಿ ಒಳಗಿನ ಮಕ್ಕಳಿಗೆ ಹುಟ್ಟಿದ ತಕ್ಷಣ ಕಾಂಗರೂ ಶುರು ಮಾಡಿದರೆ, ಮಗು ಸ್ಥಿರ ಆಗಲಿ ಅಂತ ಕಾಯುವುದಕ್ಕಿಂತ ಮೊದಲ ತಿಂಗಳ ಸಾವು ಶೇ 25ರಷ್ಟು ಕಡಿಮೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2021ರಲ್ಲಿ ತೋರಿಸಿತು. ಆ ಅಧ್ಯಯನ ನಡೆದ ಐದು ದೇಶಗಳಲ್ಲಿ ಭಾರತವೂ ಒಂದು. ಉಳಿದ ನಾಲ್ಕು ಆಫ್ರಿಕಾದವು. 1,240 ಗ್ರಾಂ ಅಂದರೆ ಸರಿಯಾಗಿ ಆ ಅಳತೆಯೊಳಗೆ ಬರುವ ಮಗು. ತಾಯಿಯನ್ನು ಹದಿನೇಳು ದಿನ ಹೊರಗಿಟ್ಟರೆ ಅವಳ ಹಾಲೂ ಕಡಿಮೆಯಾಗುತ್ತದೆ. ಮಗುವಿನ ಮೈ ತಾಗಿದರೆ, ವಾಸನೆ ಬಂದರೆ ಹಾಲು ಇಳಿದು ಬರುವುದು ನಿಮಗೆಲ್ಲ ಗೊತ್ತು. ಹಾಗಾಗಿ ಬಾಗಿಲಲ್ಲಿ ಯಾರನ್ನು ತಡೆಯುತ್ತೇವೆ ಅನ್ನುವುದು ಕೂಡ ಚಿಕಿತ್ಸೆಯೇ.

ಈಗ ನಮ್ಮ ಕಡೆಯ ನೋವನ್ನೂ ಹೇಳುತ್ತೇನೆ. ನನ್ನ ಜೊತೆ ಮಣಿಪುರದ ಹುಡುಗಿ ಒಬ್ಬಳು ಇದ್ದಳು. ಒಂದು ಕೆಜಿಗಿಂತ ಕಡಿಮೆ ಇರುವ ಮಗುವಿಗೆ ಸೂಜಿ ಹಾಕಬೇಕಾದರೆ ಡಾಕ್ಟರೇ ಅವಳನ್ನು ಹುಡುಕುತ್ತಿದ್ದರು. ನೂಲಿನಷ್ಟು ಸಣ್ಣ ನರ, ಬೆರಳ ತುದಿಯಲ್ಲಿ ತಡವಿ ಒಂದೇ ಸಲಕ್ಕೆ ಹಾಕುವ ಕೈ. 2020ರಲ್ಲಿ ಅವಳನ್ನು ನೋಡಿ ಕಾರಿಡಾರಿನಲ್ಲಿ "ಕೊರೊನಾ ಬಂತು" ಅಂದವರಿದ್ದಾರೆ. ಇನ್ನೊಂದು ದಿನ ಒಂದು ಮಗುವಿನ ಅಜ್ಜಿ "ಆ ನೇಪಾಳಿ ನಮ್ಮ ಮಗುವನ್ನು ಮುಟ್ಟುವುದು ಬೇಡ, ಬೇರೆಯವರನ್ನು ಹಾಕಿ" ಅಂದರು. ಜಗಳ ಬೇಡ ಅಂತ ನಾನು ಅವಳನ್ನು ಬೇರೆ ಮಗುವಿಗೆ ಬದಲಿಸಿದೆ. ಅವಳು ಒಂದೂ ಮಾತಾಡದೆ ಬಟ್ಟೆ ಇಡುವ ಕೋಣೆಗೆ ಹೋಗಿ ಮಕ್ಕಳ ಟೋಪಿ ಮಡಚುತ್ತಾ ಕೂತಳು. ಎಲ್ಲ ಮಡಚಿ ಆದ ಮೇಲೆ ಬಿಚ್ಚಿ ಮತ್ತೆ ಮಡಚಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಆ ಬದಲಿ ಮಾಡಿದ್ದು ನನ್ನ ತಪ್ಪು. ಅವಳು ಈಗ ಬೇರೆ ಊರಿನಲ್ಲಿದ್ದಾಳೆ. ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ.

ಲೆಸ್ಟರ್‌ನಿಂದ ಮೂಲ್ಕಿ ಹುಡುಗಿ

ಸಿಸ್ಟರ್, ನೀವು ಬರೆದದ್ದು ಓದಿ ಕೈ ನಡುಗಿತು. ನಾನು ಇಂಗ್ಲೆಂಡಿನಲ್ಲಿ ನವಜಾತ ಶಿಶು ವಾರ್ಡಿನಲ್ಲಿ ಇದ್ದೇನೆ. ಇಲ್ಲಿ ಆ ಮಣಿಪುರದ ಹುಡುಗಿಯ ಜಾಗದಲ್ಲಿ ನಾನಿದ್ದೇನೆ.

ನೀವು ಮಾಡಿದ ಬದಲಿ ಅಮೆರಿಕದಲ್ಲಿ ಕೋರ್ಟಿಗೆ ಹೋಗಿದೆ. ಮಿಷಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ, 2012ರಲ್ಲಿ. ಎನ್‌ಐಸಿಯು ಮಗುವಿನ ತಂದೆಯೊಬ್ಬ ಕಪ್ಪು ನರ್ಸ್ ತನ್ನ ಮಗುವನ್ನು ಮುಟ್ಟಬಾರದು ಅಂದ. ತೋಳಿನ ಮೇಲಿದ್ದ ಸ್ವಸ್ತಿಕದಂಥ ಹಚ್ಚೆಯನ್ನು ತೋರಿಸಿದನಂತೆ. ಅಲ್ಲಿ ಅದು ನಾಜಿಗಳ ಗುರುತು. ಮೇಲಿನವರು ಅವನಿಗೆ ಬುದ್ಧಿ ಹೇಳುವ ಬದಲು ನರ್ಸನ್ನೇ ಬದಲಿಸಿದರು. ಕಪ್ಪು ನರ್ಸುಗಳು ಈ ಮಗುವನ್ನು ನೋಡಬಾರದು ಅಂತ ಚೀಟಿಯನ್ನೂ ಅಂಟಿಸಿದರು. ಟೋನ್ಯಾ ಬ್ಯಾಟಲ್ ಅನ್ನುವ ಆ ನರ್ಸ್ ಅಲ್ಲಿ 1988ರಿಂದ ಕೆಲಸದಲ್ಲಿದ್ದವರು. 2013ರಲ್ಲಿ ಅವರು ಕೇಸು ಹಾಕಿದರು, ಆಮೇಲೆ ರಾಜಿ ಆಯಿತು. ನನಗೆ ಆ ಚೀಟಿಯದೇ ನೆನಪು. ಅದನ್ನು ಬರೆದವರೂ ಆಸ್ಪತ್ರೆಯವರೇ, ಒಳ್ಳೆಯವರು ಅಂತ ಮನೆಯಲ್ಲಿ ಹೆಸರು ತೆಗೆದುಕೊಂಡವರೇ ಇರಬಹುದು.

ಇಲ್ಲಿ ಇಂಗ್ಲೆಂಡಿನಲ್ಲಿ 2020ರಿಂದ ಸಿಬ್ಬಂದಿಗೆ ಜನಾಂಗಭೇದದ ಮಾತಾಡುವ ರೋಗಿಗೆ, ತುರ್ತು ಅಲ್ಲದಿದ್ದರೆ, ಚಿಕಿತ್ಸೆ ನಿರಾಕರಿಸಬಹುದು ಅಂತ ನಿಯಮ ಇದೆ. ಎನ್‌ಐಸಿಯುನಲ್ಲಿ ಅದು ಹೇಗೆ ಸಾಧ್ಯ? ಬೈದದ್ದು ಅಪ್ಪ, ಮಲಗಿದ್ದು ಮಗು. ಮಗುವಿಗೆ ಹಾಲು ಕೊಡಲೇಬೇಕು. ನಾನು ಕೊಡುತ್ತೇನೆ. ನನ್ನ ಇನ್‌ಚಾರ್ಜ್ ಒಬ್ಬರು ಹಾಗೆ ಬೈದ ಒಬ್ಬ ಅಪ್ಪನ ಎದುರು ಬಂದು ನನ್ನ ಪಕ್ಕ ನಿಂತರು, "ಇವರೇ ನಿಮ್ಮ ಮಗುವಿನ ನರ್ಸ್, ಇವತ್ತೂ, ನಾಳೆಯೂ" ಅಂದರು. ಅಷ್ಟೇ ಬೇಕಾಗಿದ್ದು.

ಮಕ್ಕಳ ಡಾಕ್ಟರ್, ಉಡುಪಿ

ಮಾತಿನ ಭೇದದ ಬಗ್ಗೆ ಎಲ್ಲರೂ ಬರೆದಿದ್ದೀರಿ. ನಾನು ಬಣ್ಣದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಏಕೆಂದರೆ ಅದು ನಮ್ಮ ಕಣ್ಣಿನಲ್ಲೂ ಮೆಷಿನ್ನಿನಲ್ಲೂ ಇದೆ.

ಮಗು ಹುಟ್ಟಿದ ಒಂದು ನಿಮಿಷಕ್ಕೆ, ಐದು ನಿಮಿಷಕ್ಕೆ ಅದರ ಸ್ಥಿತಿ ನೋಡಿ ನಾವು ಅಪ್‌ಗಾರ್ ಅಂಕ ಕೊಡುತ್ತೇವೆ. ನ್ಯೂಯಾರ್ಕಿನ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್‌ಗಾರ್ 1952ರಲ್ಲಿ ಮಾಡಿದ್ದು. ಐದು ವಿಷಯ, ಒಂದೊಂದಕ್ಕೆ ಹೆಚ್ಚೆಂದರೆ ಎರಡು ಅಂಕ. ಅದರಲ್ಲಿ ಒಂದು ಬಣ್ಣ. ಮೈಯೆಲ್ಲ ಗುಲಾಬಿ ಆದರೆ ಎರಡು ಅಂಕ. ನಮ್ಮ ಎಷ್ಟು ಮಕ್ಕಳು ಗುಲಾಬಿ ಇರುತ್ತಾರೆ ಹೇಳಿ? ಐದರಲ್ಲಿ ಬಣ್ಣವೇ ತೀರಾ ಸಮಾಧಾನ ಇಲ್ಲದ ಲಕ್ಷಣ ಅಂತ ಅವರೇ ಬರೆದಿದ್ದರು. ಆದರೂ ಎಪ್ಪತ್ತು ವರ್ಷ ದಾಟಿ ಹಾಗೇ ನಡೆದಿದೆ. ಇಂಗ್ಲೆಂಡಿನಲ್ಲಿ 2023ರಲ್ಲಿ ಈ ವಿಷಯದ ಮೇಲೆ ಒಂದು ಪರಿಶೀಲನೆ ನಡೆಯಿತು. ಗುಲಾಬಿ, ನೀಲಿ, ಹಳದಿ ಅಂತ ಬರೀ ಕಣ್ಣಿನಲ್ಲಿ ನೋಡುವ ಪದ್ಧತಿ ಬಿಳಿ ಮಕ್ಕಳನ್ನು ನೋಡಿ ಮಾಡಿದ್ದು, ಕಪ್ಪು, ಕಂದು ಮಕ್ಕಳಿಗೆ ಸರಿ ಹೊಂದುವುದಿಲ್ಲ ಅಂತ ಅದು ಹೇಳಿತು. ನನ್ನ ರೂಢಿ ಏನೆಂದರೆ, ನಾಲಿಗೆ, ಒಸಡು ನೋಡುತ್ತೇನೆ. ಅಲ್ಲಿ ಬಣ್ಣ ಸುಳ್ಳು ಹೇಳುವುದು ಕಡಿಮೆ.

ಎರಡನೆಯದು ಕಾಮಾಲೆ. ಬೆರಳಿನಿಂದ ಚರ್ಮ ಒತ್ತಿ ಹಳದಿ ಎಲ್ಲಿಯ ತನಕ ಇಳಿದಿದೆ ಅಂತ ನೋಡುವುದು ಹಳೆಯ ಕ್ರಮ. ಕಪ್ಪಗಿರುವ ಮಗುವಿನಲ್ಲಿ ಅದು ಬೇಗ ಕಾಣುವುದಿಲ್ಲ. ಕಂಡಾಗ ತಡವಾಗಿರಬಹುದು. ತುಂಬಾ ಏರಿದರೆ ಮಿದುಳಿಗೆ, ಕಿವಿಗೆ ಏಟು. ಅಜ್ಜಿಯಂದಿರು ನಮ್ಮ ಮಕ್ಕಳು ಕಪ್ಪು, ಹಾಗೇ ಇರುತ್ತಾರೆ ಅಂತ ಹೇಳುವುದು ಸಹಜ. ಡಾಕ್ಟರಾದ ನಾವು ಹಾಗೆ ಬಿಡುವಂತಿಲ್ಲ. ರಕ್ತದಲ್ಲಿ ಬಿಲಿರುಬಿನ್, ಅಂದರೆ ಹಳದಿ ತರುವ ಅಂಶ ಎಷ್ಟಿದೆ ಅಂತ ನೋಡಲೇಬೇಕು.

ಮೂರನೆಯದು ಪಾದಕ್ಕೆ ಸುತ್ತಿ ಇಡುವ ಕೆಂಪು ದೀಪ, ಪಲ್ಸ್ ಆಕ್ಸಿಮೀಟರ್. ಕೆಂಪು ಬೆಳಕು, ಕಣ್ಣಿಗೆ ಕಾಣದ ಇನ್ನೊಂದು ಬೆಳಕು ಚರ್ಮದ ಮೂಲಕ ಹಾಯಿಸಿ ರಕ್ತದ ಆಮ್ಲಜನಕ ಅಂದಾಜು ಮಾಡುತ್ತದೆ. ಚರ್ಮದ ಕಪ್ಪು ಅಂಶ ಆ ಲೆಕ್ಕವನ್ನು ಸ್ವಲ್ಪ ತಪ್ಪಿಸುತ್ತದೆ. 2020ರ ಡಿಸೆಂಬರಿನಲ್ಲಿ ಅಮೆರಿಕದಿಂದ ಬಂದ ವರದಿ ದೊಡ್ಡವರದ್ದು. ಮೆಷಿನ್ ಆಮ್ಲಜನಕ ಶೇ 92ರಿಂದ 96 ತೋರಿಸುವಾಗ ನಿಜವಾಗಿ 88ಕ್ಕಿಂತ ಕೆಳಗೆ ಇದ್ದವರು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ. ಅಂದರೆ ಮೆಷಿನ್ ಚೆನ್ನಾಗಿದೆ ಅನ್ನುತ್ತಿರುತ್ತದೆ, ರೋಗಿ ಚೆನ್ನಾಗಿರುವುದಿಲ್ಲ. ತಾಯಿ ಬಂದು "ಮಗು ಯಾಕೋ ಬೇರೆ ಥರ ಇದೆ ಡಾಕ್ಟ್ರೇ" ಅಂದರೆ ನಾನು ಮಾನಿಟರ್ ತೋರಿಸಿ ಕಳಿಸುತ್ತಿದ್ದೆ. ಈಗ ಎದ್ದು ಹೋಗಿ ಮಗುವನ್ನು ನೋಡುತ್ತೇನೆ, ಅನುಮಾನ ಇದ್ದರೆ ರಕ್ತ ತೆಗೆಸುತ್ತೇನೆ. ಆದರೆ ಆ ತಾಯಿ ಒಳಗೆ ಬರುವಂತಿರಬೇಕಲ್ಲ. ಬಂದರೆ ತಾನೇ ಹೇಳುವುದು.

ಉಳ್ಳಾಲದ ಉಮ್ಮ

ನನ್ನ ಮಗಳು ಹತ್ತೊಂಬತ್ತು ದಿನ ಒಳಗಿದ್ದಳು. ನಾನು ಬುರ್ಖಾ ಹಾಕುವವಳು. ಕೇಸ್ ಶೀಟ್ ಬರೆಯುವಾಗ ಎಲ್ಲರಿಗೂ ಎಷ್ಟನೇ ಮಗು ಅಂತ ಕೇಳುತ್ತಾರೆ. ಅದು ಕೇಳಬೇಕಾದ್ದೇ. ನಾನು ಎರಡನೆಯದು ಅಂದೆ. ಬರೆಯುತ್ತಿದ್ದವರು ತಲೆ ಎತ್ತಿ "ಎರಡೇನಾ? ನಿಮ್ಮಲ್ಲಿ ಹಾಗೆಲ್ಲ ನಿಲ್ಲಿಸುತ್ತಾರಾ?" ಅಂದರು. ಪಕ್ಕದವರು ನಕ್ಕರು. ಹೊಲಿಗೆ ಹಾಕಿದ ಹೊಟ್ಟೆ, ಮಗು ವೆಂಟಿಲೇಟರಿನಲ್ಲಿ. ನಗುವ ಹೊತ್ತಾ ಅದು?

ಆಮೇಲೆ ನಾನು ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಏನು ಕೇಳಿದರೆ ಏನು ಅಂದುಕೊಳ್ಳುತ್ತಾರೋ ಅಂತ. ಈಗ ಡಾಕ್ಟರ್ ಬರೆದದ್ದು ಓದಿ ಹೆದರಿಕೆ ಆಗುತ್ತಿದೆ. ನನ್ನ ಮಗಳ ಮೈ ಹಳದಿ ಆಗಿದೆ ಅಂತ ನನಗೆ ಎರಡು ದಿನ ಮೊದಲೇ ಅನ್ನಿಸಿತ್ತು. ಹೇಳಲಿಲ್ಲ.

ತೊಟ್ಟಿಲು ಸಿಸ್ಟರ್

ಅಕ್ಕಾ, ನೀವು ಹೇಳದ ಹಾಗೆ ಮಾಡಿದ್ದು ನಾವು. ನಿಮ್ಮ ತಪ್ಪು ಅಂತ ದಯವಿಟ್ಟು ಇಟ್ಟುಕೊಳ್ಳಬೇಡಿ. ಅಮೆರಿಕದ ಎನ್‌ಐಸಿಯುಗಳ ಬಗ್ಗೆ ತಂದೆತಾಯಿ, ಸಿಬ್ಬಂದಿ ಹೇಳಿದ್ದನ್ನು ಸೇರಿಸಿ 2018ರಲ್ಲಿ ಒಂದು ಅಧ್ಯಯನ ಬಂತು. ಭೇದ ಮೂರು ಥರ ಕಾಣುತ್ತದೆ ಅಂತ ಅದರಲ್ಲಿದೆ. ಒಂದು, ಕಡೆಗಣಿಸುವುದು. ಇನ್ನೊಂದು, ಇವರು ಇಂಥವರು ಅಂತ ತೀರ್ಮಾನ ಮಾಡಿ ಮಾತಾಡುವುದು. ಮತ್ತೊಂದು, ಭಾಷೆ, ಬಸ್ಸು, ಕೂಲಿ ತಪ್ಪುವುದು ಇಂಥ ಅಡ್ಡಿಗಳು. ಕುಷ್ಟಗಿ ಅಕ್ಕನಿಗೆ ಮೂರೂ ಆಗಿದೆ. ನಿಮಗೆ ಆದದ್ದು ಎರಡನೆಯದು.

ಬಂಟ್ವಾಳದ ಅಜ್ಜ

ನನಗೆ 71. ಓದಿ ಸುಮ್ಮನಿರಲು ಮನಸ್ಸಾಗಲಿಲ್ಲ. ನನ್ನ ಮೊಮ್ಮಗ ಎಂಟು ತಿಂಗಳಿಗೆ ಹುಟ್ಟಿದ. ಸೊಸೆಗೆ ಹಾಲು ಬರಲು ತಡ ಆಯಿತು. ತಾಯಿ ಹಾಲಿನ ಬ್ಯಾಂಕಿನಿಂದ ತರಿಸುತ್ತೇವೆ ಅಂದರು. ನಾನು ಕೇಳಿದ ಮೊದಲ ಪ್ರಶ್ನೆ, ಅದು ಯಾರ ಹಾಲು ಅಂತ. ಯಾವ ಜಾತಿಯವರದ್ದು ಅಂತ ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಕೇಳಿದ್ದು ಅದನ್ನೇ. ಆ ಸಿಸ್ಟರಿಗೂ ಅರ್ಥ ಆಯಿತು.

ಅವರು ಸಿಟ್ಟು ಮಾಡಲಿಲ್ಲ. ಕೂರಿಸಿ ಹೇಳಿದರು. ತಾಯಂದಿರ ರಕ್ತ ಪರೀಕ್ಷೆ ಮಾಡಿ, ಹಾಲನ್ನು ಒಟ್ಟು ಸೇರಿಸಿ, 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಪರೀಕ್ಷೆ ಮಾಡಿ ಇಡುವುದಂತೆ. ಮುಂಬೈಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಶುರುವಾದದ್ದಂತೆ. ಹಲವು ತಾಯಂದಿರ ಹಾಲು ಒಂದೇ ಬಾಟಲಿಯಲ್ಲಿ ಇರಬಹುದು ಅಜ್ಜಾ, ಯಾರದ್ದು ಅಂತ ಹೇಳಲು ನಮಗೂ ಆಗುವುದಿಲ್ಲ ಅಂದರು. ಒಳಲೆಯಲ್ಲಿ ಮಗುವಿಗೆ ಕುಡಿಸುವುದನ್ನು ನಾನು ಗಾಜಿನ ಈಚೆ ನಿಂತು ನೋಡಿದೆ. ಚಪ್ಪರಿಸಿ ಕುಡಿದ. ಅವನಿಗೆ ಈಗ ಮೂರು ವರ್ಷ. ಯಾವ ತಾಯಂದಿರೋ, ಅವರ ಮಕ್ಕಳು ಚೆನ್ನಾಗಿರಲಿ ಅಂತ ದಿನಾ ದೀಪ ಹಚ್ಚುವಾಗ ನೆನೆಯುತ್ತೇನೆ.

ಉಳ್ಳಾಲದ ಉಮ್ಮ

ಅಜ್ಜಾ, ನಮ್ಮಲ್ಲೂ ಆ ಪ್ರಶ್ನೆ ಬರುತ್ತದೆ, ಬೇರೆ ಕಾರಣಕ್ಕೆ. ಒಬ್ಬಳ ಹಾಲು ಕುಡಿದ ಮಕ್ಕಳು ನಮ್ಮಲ್ಲಿ ಒಡಹುಟ್ಟಿದವರ ಹಾಗೆ, ಮದುವೆ ಆಗುವ ಹಾಗಿಲ್ಲ. ಹಾಗಾಗಿ ಕೇಳುವುದು. ಅದನ್ನು ನಾವು ಕೇಳಿದರೆ "ಇವರದ್ದು ಯಾವಾಗಲೂ ಇದೇ" ಅನ್ನುವುದು ಬೇಡ. ನಿಮಗೆ ಹೇಳಿದ ಹಾಗೆ ಕೂರಿಸಿ ಹೇಳಲಿ.

ಕುಂದಾಪುರ ಕಡೆಯ ಆಶಾ

ನಾನು ಆಶಾ ಕಾರ್ಯಕರ್ತೆ. ಕರಾವಳಿಯ ಆದಿವಾಸಿ ಕೊರಗ ಸಮುದಾಯದವಳು. ಅಜ್ಜ ಹಾಲಿನ ವಿಷಯ ತೆಗೆದದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಜ್ಜಿಯರು ಹೇಳುತ್ತಿದ್ದ ಒಂದು ವಿಷಯ ಇದೆ. ಬ್ರಿಟಿಷರ ಕಾಲದ ಅಧಿಕಾರಿ ವಾಲ್‌ಹೌಸ್ ಎಂಬುವರೂ ಬರೆದಿಟ್ಟಿದ್ದಾರೆ. ಮೇಲ್ಜಾತಿಯ ಮನೆಯಲ್ಲಿ ಮಕ್ಕಳು ಹುಟ್ಟಿ ಹುಟ್ಟಿ ಸತ್ತರೆ, ಆಮೇಲೆ ಹುಟ್ಟಿದ ಮಗುವನ್ನು ಉಳಿಸಿಕೊಳ್ಳಲು ಕೊರಗ ಹೆಂಗಸನ್ನು ಕರೆಸುತ್ತಿದ್ದರು. ಅವಳಿಗೆ ಅಕ್ಕಿ, ಎಣ್ಣೆ, ಕಾಸು ಕೊಟ್ಟು ಮಗುವನ್ನು ಅವಳ ಕೈಗೆ ಕೊಡುತ್ತಿದ್ದರು. ಅವಳು ಎದೆಗೆ ಹಿಡಿದು ಹಾಲು ಕೊಟ್ಟು, ತನ್ನ ಕೈಯ ಕಬ್ಬಿಣದ ಬಳೆ ತೊಡಿಸಿ, ಕೊರಗ ಅಂತ ಹೆಸರು ಕರೆದು ಹೋಗಬೇಕು. ಬೇರೆ ದಿನ ಅವಳ ನೆರಳೂ ಬೀಳಬಾರದು. ಮಗು ಸಾಯುವ ಹಾಗಿದ್ದರೆ ಮಾತ್ರ ಅವಳ ಹಾಲು ಬೇಕು. ಈ ಜಿಲ್ಲೆಗಳಲ್ಲಿ ಬೇರೆ ಜಾತಿಯವರಲ್ಲೂ ಕೊರಗಪ್ಪ ಅಂತ ಹೆಸರಿದ್ದವರು ಇದ್ದಾರಲ್ಲ, ಯಾಕೆ ಬಂತು ಆ ಹೆಸರು ಅಂತ ಒಮ್ಮೆ ಮನೆಯ ಹಿರಿಯರನ್ನು ಕೇಳಿ ನೋಡಿ.

ನಮ್ಮವರನ್ನು ಮನುಷ್ಯರಿಗಿಂತ ಕೆಳಗೆ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು 2000ದ ಕಾಯ್ದೆಯಲ್ಲಿ ನಿಷೇಧ ಮಾಡಿದ್ದಾರೆ. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು ಅಪರಾಧ ಅಂತ ಬರೆಯಲು ಒಂದು ಕಾಯ್ದೆ ಬೇಕಾಯಿತು. ಅಂಥ ಊರಿನ ಆಸ್ಪತ್ರೆ ಇದು, ಬಾಗಿಲ ಒಳಗೆ ಎಲ್ಲ ಮರೆತು ಬರುವುದಿಲ್ಲ.

ಎರಡು ವರ್ಷದ ಹಿಂದೆ ನಾನು ಕರೆದುಕೊಂಡು ಹೋದ ತಾಯಿ, ನಮ್ಮ ಹಾಡಿಯವಳು. ಮಗು 1,600 ಗ್ರಾಂ. ಹಾಲು ಹಿಂಡಿ ಸ್ಟೀಲ್ ಬಟ್ಟಲಿನಲ್ಲಿ, ಮೇಲೆ ಹೆಸರಿನ ಚೀಟಿ ಅಂಟಿಸಿ ಕೊಟ್ಟಳು. ಬೇರೆಯವರ ಬಟ್ಟಲು ಫ್ರಿಡ್ಜಿನ ಟ್ರೇಯಲ್ಲಿ. ಅವಳದ್ದು ಮಾತ್ರ ಕಿಟಕಿಯ ದಂಡೆಯಲ್ಲಿ, ಒಂದರ್ಧ ದಿನ. ನಾನು ಕೇಳಿದಾಗ "ಟ್ರೇಯಲ್ಲಿ ಜಾಗ ಇರಲಿಲ್ಲ" ಅಂದರು. ಟ್ರೇ ನಾನು ನೋಡಿದ್ದೆ, ಜಾಗ ಇತ್ತು. ಹಾಲು ಕೆಟ್ಟಿತು. ಮಗುವಿಗೆ ಆ ದಿನ ಡಬ್ಬಿ ಹಾಲು ಕೊಟ್ಟರು. ಅವಳು ಆ ಬಟ್ಟಲನ್ನು ತೊಳೆದು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಮರುದಿನದಿಂದ ಹಾಲೇ ಇಳಿಯಲಿಲ್ಲ ಅವಳಿಗೆ. ಮನಸ್ಸಿನಲ್ಲಿ ಎಷ್ಟು ನೋವಾಗಿರಬೇಕು ನೋಡಿ.

ಕದ್ರಿ ಕಂಬಳ

ಆಶಾ ಅಕ್ಕಾ, ಇದನ್ನು ಓದಿದ ಮೇಲೆ ಎಂತ ಹೇಳುವುದು ಅಂತ ಗೊತ್ತಾಗುತ್ತಿಲ್ಲ. ನನ್ನ ದೊಡ್ಡಪ್ಪನ ಹೆಸರು ಕೊರಗಪ್ಪ. ಅವರ ಮೊದಲು ಮೂರು ಮಕ್ಕಳು ತೀರಿಕೊಂಡಿದ್ದರು ಅಂತ ಅಜ್ಜಿ ಹೇಳಿದ್ದು ನೆನಪುಂಟು. ಅದಕ್ಕೂ ಹೆಸರಿಗೂ ಸಂಬಂಧ ಇದೆ ಅಂತ ಇವತ್ತೇ ಗೊತ್ತಾದದ್ದು.

ಸಿಬ್ಬಂದಿ ಕಡಿಮೆ ಅಂತ ನಾನು ಹೇಳಿದ್ದನ್ನು ಈಗಲೂ ಹೇಳುತ್ತೇನೆ. ಆದರೆ ಕಿಟಕಿ ದಂಡೆಯ ಬಟ್ಟಲಿಗೆ ಅದು ಉತ್ತರ ಅಲ್ಲ.

ಹಳೇ ವಕೀಲ, ಉಡುಪಿ

ಕೆಲವರು ಇನ್‌ಬಾಕ್ಸಿನಲ್ಲಿ ಏನು ಮಾಡಬಹುದು ಅಂತ ಕೇಳಿದ್ದೀರಿ. ರೋಗಿಯ ಹಕ್ಕುಗಳ ಸನ್ನದು ಅಂತ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಮಾಡಿದೆ, ಅದರಲ್ಲಿ ಭೇದ ಇಲ್ಲದೆ ಚಿಕಿತ್ಸೆ ಪಡೆಯುವುದೂ, ವಿಷಯ ತಿಳಿಯುವುದೂ ಹಕ್ಕು. ಖಾಸಗಿ ಆಸ್ಪತ್ರೆ ಆದರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯ 2017ರ ತಿದ್ದುಪಡಿ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷರಾದ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಸರ್ಕಾರಿ ಆಸ್ಪತ್ರೆ ಆದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಆದರೆ ಮಗು ಒಳಗಿರುವಾಗ ದೂರು ಕೊಡಲು ಯಾರಿಗೂ ಧೈರ್ಯ ಬರುವುದಿಲ್ಲ, ನನಗೆ ಗೊತ್ತು. ಅದಕ್ಕೇ ದಿನ, ಹೊತ್ತು, ಹೇಳಿದ ಮಾತು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಮಗು ಮನೆಗೆ ಬಂದ ಮೇಲೆ ನೋಡೋಣ.

ಸಿಂಧನೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಈಗ ಮಂಗಳೂರಲ್ಲಿ ಎನ್‌ಐಸಿಯು ಹೊರಗೆ ಬೆಂಚಿನ ಮೇಲೆ ಕೂತಿದ್ದೀನಿ. ಹೆಣ್ಣು ಕೂಸು, 1,400 ಗ್ರಾಂ, ಇವತ್ತಿಗೆ ನಾಲ್ಕು ದಿನ. ಹೆಂಡತಿ ಇನ್ನೂ ಹೆರಿಗೆ ವಾರ್ಡಿನಲ್ಲಿ ಇದ್ದಾಳೆ, ಏಳಲಿಕ್ಕೆ ಆಗೋದಿಲ್ಲ. ನನಗೆ ಒಮ್ಮೆ ಮಾತ್ರ ಗಾಜಿನಿಂದ ತೋರಿಸಿದರು. ಕಾಂಗರೂ ಅಂತ ಅಕ್ಕ ಬರೆದದ್ದು ಅಪ್ಪ ಮಾಡಬಹುದಾ? ಕೇಳಿದರೆ ಬೈತಾರಾ?

ತೊಟ್ಟಿಲು ಸಿಸ್ಟರ್

ಅಪ್ಪನೂ ಮಾಡಬಹುದು ತಮ್ಮಾ. ಎದೆ ಬಿಸಿ ಇದ್ದರೆ ಸಾಕು. ಶರ್ಟಿನ ಮುಂದೆ ಗುಂಡಿ ಇರಲಿ. ಮಗು ಸ್ವಂತ ಉಸಿರಾಡುತ್ತಿದೆಯಾ, ಸಣ್ಣ ಪೈಪಿನ ಆಮ್ಲಜನಕದಲ್ಲಿ ಇದೆಯಾ ಅಂತ ಮೊದಲು ಕೇಳಿ.

ಕುಷ್ಟಗಿ ಮಗಳು

ತಮ್ಮಾ, ಬಾಗಿಲಲ್ಲಿ ಇರುವವರನ್ನು ಕೇಳಬೇಡ. ಡ್ಯೂಟಿ ಇನ್‌ಚಾರ್ಜ್ ಸಿಸ್ಟರ್ ಯಾರು ಅಂತ ಕೇಳಿ, ಅವರ ಹೆಸರು ಹಿಡಿದು ಮಾತಾಡು. ಕೂಸಿನ ತೂಕ ಇವತ್ತು ಎಷ್ಟು, ಎಷ್ಟು ಎಂಎಲ್ ಹಾಲು ಕುಡಿಯುತ್ತಿದೆ, ಕಾಂಗರೂ ಯಾವಾಗ ಶುರು ಮಾಡಬಹುದು. ಈ ಮೂರು ಕೇಳು. ನಮ್ಮ ಮಾತಿನಲ್ಲೇ ಕೇಳು, ದನಿ ಸಣ್ಣ ಮಾಡಬೇಡ. ಹೆಂಡತಿಗೆ ಮೂರು ತಾಸಿಗೊಮ್ಮೆ ಹಾಲು ಹಿಂಡಲು ಹೇಳು, ಒಂದು ಹನಿ ಬಂದರೂ ಒಯ್ದು ಕೊಡು, ಫ್ರಿಡ್ಜಿನಲ್ಲಿ ಇಡುವ ತನಕ ಅಲ್ಲೇ ನಿಲ್ಲು. ಆಮೇಲೆ ಇಲ್ಲಿ ಬರಿ. ನಾವು ಎಚ್ಚರ ಇರುತ್ತೇವೆ.

ಸಿಂಧನೂರು ಹುಡುಗ

ಕೇಳಿದೆ ಅಕ್ಕ. ತೂಕ 1,370. ಎರಡು ತಾಸಿಗೆ 6 ಎಂಎಲ್. ಮೊದಲು ಸ್ವಲ್ಪ ಸಿಟ್ಟಿನಲ್ಲಿ ನೋಡಿದರು, ಆಮೇಲೆ ಕುರ್ಚಿ ತೋರಿಸಿದರು. ಕೈ ತೊಳೆದು ಬಾ ಅಂದಿದ್ದಾರೆ. ಫೋನ್ ಹೊರಗೆ ಇಡಬೇಕಂತೆ.